ಜೋಯಿಸರಹರಳಹಳ್ಳಿಯ ಹಾಲಯ್ಯ ಮತ್ತು ಶಿವಯೋಗಮಂದಿರ: ಹೊಸ ಸಂಸ್ಥೆಯೊಂದು ಸಂಪ್ರದಾಯ ಕಟ್ಟಿಕೊಂಡ ಬಗೆ

ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಕಡೆಯ ಲಿಂಗಾಯತ ಮನೆಗಳಲ್ಲಿ ದೇವರ ಜಗುಲಿಯ ಮೇಲೆ ವಿಭೂತಿ ಗಟ್ಟಿಯೊಂದು ಇದ್ದೇ ಇರುತ್ತದೆ. ಅದು ಮಂದಿರದ ವಿಭೂತಿಯಾದರೆ ಮರ್ಯಾದೆ ಒಂದು ತೂಕ ಹೆಚ್ಚು. ಮಂದಿರವೆಂದರೆ ಬಾದಾಮಿ ಹತ್ತಿರ ಮಲಪ್ರಭೆಯ ದಂಡೆಗಿರುವ ಶಿವಯೋಗಮಂದಿರ. ಅದು ಹುಟ್ಟಿದ್ದು 1909ರಲ್ಲಿ; ಮಠಗಳ ಲೆಕ್ಕದಲ್ಲಿ ನಿನ್ನೆ ಮೊನ್ನೆ. ಇಷ್ಟು ಹೊಸದೊಂದು ಸಂಸ್ಥೆ ಇಷ್ಟು ಬೇಗ ಹಿರಿಯರ ಸಾಲಿನಲ್ಲಿ ಕುಳಿತದ್ದು ಹೇಗೆ?

ಸ್ಥಾಪಕರು ಹಾನಗಲ್ಲ ಕುಮಾರಸ್ವಾಮಿಗಳು. 1867ರಲ್ಲಿ ರಾಣೇಬೆನ್ನೂರು ತಾಲ್ಲೂಕಿನ ಜೋಯಿಸರಹರಳಹಳ್ಳಿಯಲ್ಲಿ ಹುಟ್ಟಿದ ಹಾಲಯ್ಯ, ಕೆಲಕಾಲ ಮಕ್ಕಳಿಗೆ ಅಕ್ಷರ ಕಲಿಸಿ, ಮುಂದೆ ಹಾನಗಲ್ಲ ವಿರಕ್ತಮಠದ ಅಧಿಪತಿಯಾದವರು. 1904ರಲ್ಲಿ ಧಾರವಾಡದಲ್ಲಿ ವೀರಶೈವ ಮಹಾಸಭೆ ಕಟ್ಟಿದ್ದೂ ಅವರೇ. ಆ ಸಭೆಯ ಅಧ್ಯಕ್ಷತೆ ವಹಿಸಿದವರು ಸಿರಸಂಗಿ ಲಿಂಗರಾಜರು. ಸಭೆ ಕರೆದರೆ ಶಾಲೆ, ಬೋರ್ಡಿಂಗು ಏಳಬಹುದು. ಆದರೆ ಓದು, ನಡತೆ ಎರಡೂ ಇರುವ ಸ್ವಾಮಿಗಳು ಠರಾವಿನಿಂದ ತಯಾರಾಗುವುದಿಲ್ಲ. ಆ ಕೊರತೆ ನೀಗಲೆಂದು ಐದು ವರ್ಷದ ಮೇಲೆ ಅವರು ಮಂದಿರಕ್ಕೆ ಕೈಹಾಕಿದರು.

ಹೊಸ ಕೂಟಗಳು ಹಳೆಯ ಆಚಾರವನ್ನು ಕಡ ತರುವುದು ಎಲ್ಲ ಕಡೆಗೂ ಇದೆ. 1717ರಲ್ಲಿ ಲಂಡನ್ನಿನ ನಾಲ್ಕು ಫ್ರೀಮೇಸನ್ ಲಾಡ್ಜುಗಳು ಸೇರಿ ಗ್ರ್ಯಾಂಡ್ ಲಾಡ್ಜ್ ಮಾಡಿಕೊಂಡಾಗ, ಕಲ್ಲುಕುಟಿಗರ ಮೂಲೆಮಟ್ಟ, ಕೈವಾರಗಳೇ ಅವರ ಲಾಂಛನವಾದವು. 1723ರಲ್ಲಿ ಆ ಲಾಡ್ಜಿಗಾಗಿ ಆ್ಯಂಡರ್ಸನ್ ಬರೆದ ನಿಯಮಗ್ರಂಥ ಅವರ ಪರಂಪರೆಯನ್ನು ಆದಾಮನವರೆಗೂ ಒಯ್ಯಿತು. ಕುಮಾರಸ್ವಾಮಿಗಳಿಗೆ ಇಂಥ ವಂಶಾವಳಿ ಬೇಕಾಗಲಿಲ್ಲ. ಲಿಂಗಪೂಜೆ, ದೀಕ್ಷೆ, ಜೋಳಿಗೆ ಮೊದಲೇ ಇದ್ದವು. ಅವರು ಅವಕ್ಕೆ ಒಂದು ದಿನಚರಿ ಕೊಟ್ಟರು.

ವಿಭೂತಿಯನ್ನೇ ನೋಡಿ. ಗೋಶಾಲೆಯ ಸೆಗಣಿಯನ್ನು ಉಂಡೆ ಕಟ್ಟಿ ಒಣಗಿಸಿ ಸುಡುತ್ತಾರೆ. ಬೂದಿಯನ್ನು ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ತಿಳಿ ಬಸಿದು, ತಳದ ನುಣುಪು ಕೆಸರನ್ನು ಗಟ್ಟಿಮಾಡಿ ಬಿಸಿಲಿಗಿಡುತ್ತಾರೆ. ಹಸು ಸಾಕುವುದು, ಪೂಜೆ, ಕೈಕೆಲಸ ಮೂರೂ ಇಲ್ಲಿ ಒಂದೇ ಎಳೆಯಲ್ಲಿ ಬಂದವು. ಜೊತೆಗೆ ಸಂಸ್ಕೃತ, ಯೋಗ, ಸಂಗೀತ, ತಾಡವೋಲೆಗಳ ಸಂಗ್ರಹ. ಖರ್ಚಿಗೆ ಸ್ವಾಮಿಗಳೇ ಜೋಳಿಗೆ ಹಿಡಿದು ಊರೂರು ತಿರುಗಿದರು. ನಿಯಮದ ಪುಸ್ತಕಕ್ಕಿಂತ ಈ ದುಡಿಮೆಯೇ ಮಂದಿರದ ಸಂಪ್ರದಾಯವನ್ನು ಬೇರೂರಿಸಿತು ಎಂಬುದು ನನ್ನ ನಿಲುವು.

ಇನ್ನೊಂದು ನಡೆ ಅಷ್ಟೇ ಮುಖ್ಯ. ಮಂದಿರದ ಆಡಳಿತ ಒಂದೇ ಮಠದ ಪಟ್ಟಕ್ಕೆ ಅಂಟಿಕೊಳ್ಳಲಿಲ್ಲ. ಬೇರೆ ಬೇರೆ ಮಠಗಳ ಸ್ವಾಮಿಗಳು ಅಧ್ಯಕ್ಷರಾಗುತ್ತ ಬಂದರು. ಇಲ್ಲಿ ಕಲಿತ ‘ಮರಿ’ಗಳು, ಅಂದರೆ ವಟುಗಳು, ಊರೂರಿನ ಮಠಗಳಿಗೆ ಪಟ್ಟಕ್ಕೆ ಹೋದಾಗ ಈ ದಿನಚರಿಯನ್ನೂ ಒಯ್ದರು.

ಮಿತಿಯೂ ಇತ್ತು. ವಟುಗಳು ಹೆಚ್ಚಾಗಿ ಜಂಗಮ ಮನೆತನದ ಗಂಡುಹುಡುಗರು. ಕಾಯಕ, ಸಮಾನತೆ ಹೇಳಿದ ಶರಣರ ಹೆಸರಿನಲ್ಲಿ ನಡೆಯುವ ಸಂಸ್ಥೆಗೆ ಇದು ದೊಡ್ಡ ಕೊರತೆಯೇ. ಅದನ್ನು ದಾಟಿದ್ದು ಮಂದಿರದ ನೆರಳಲ್ಲೇ ಬೆಳೆದ ಒಬ್ಬ ಶಿಷ್ಯ. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಅಂಧ ಬಾಲಕ ಗದಿಗೆಯ್ಯನನ್ನು ಸ್ವಾಮಿಗಳು ಜೊತೆಗೆ ಕರೆತಂದರು. ನೀಲಕಂಠಬುವಾ ಮಿರಜಕರರಿಂದ ಹಿಂದೂಸ್ತಾನಿ ಸಂಗೀತ ಕಲಿಸಿದರು. ಆ ಬಾಲಕನೇ ಮುಂದೆ ಪಂಚಾಕ್ಷರ ಗವಾಯಿಗಳಾದರು. ಗದಗಿನ ಅವರ ವೀರೇಶ್ವರ ಪುಣ್ಯಾಶ್ರಮ ಅಂಧರಿಗೆ, ಅನಾಥರಿಗೆ ಜಾತಿ ಕೇಳದೆ ಬಾಗಿಲು ತೆರೆಯಿತು. 1944ರಲ್ಲಿ ಪಂಚಾಕ್ಷರ ಗವಾಯಿಗಳು ತೀರಿಕೊಂಡ ಮೇಲೆ ಅವರ ಶಿಷ್ಯ, ಅದೇ ತಾಲ್ಲೂಕಿನ ಪುಟ್ಟರಾಜ ಗವಾಯಿಗಳು 2010ರವರೆಗೆ ಅದನ್ನು ನಡೆಸಿದರು.

ಕುಮಾರಸ್ವಾಮಿಗಳು 1930ರಲ್ಲಿ ಲಿಂಗೈಕ್ಯರಾದರು; ಅವರನ್ನು ಕಣ್ಣಾರೆ ಕಂಡವರು ಇಂದು ಬಹುಶಃ ಉಳಿದಿಲ್ಲ. ಕಂಡವರ ಬಾಯಿಂದ ಕೇಳಿದವರು ಹಾವೇರಿ ಜಿಲ್ಲೆಯ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ನಿಮ್ಮ ಮನೆಯ ಹಿರಿಯರು ಮಂದಿರದಲ್ಲಿ ವಟುವಾಗಿದ್ದರೆ, ಅಟ್ಟದ ಮೇಲೆ ಅಲ್ಲಿಯ ಕಾಗದಪತ್ರಗಳಿದ್ದರೆ, ಗೆದ್ದಲು ಹತ್ತುವ ಮೊದಲು ಬರೆದಿಡಿ, ಪ್ರತಿ ಮಾಡಿಸಿ.