ಸ್ಪೆಲಂಕಿ ಆಟಮಾಲೆ: ಪೂರ್ವಚರಿತ್ರೆ ಮತ್ತು ಪ್ರವೇಶಮಾರ್ಗ

ಕ್ರೀಡೆಗಳ ಚರಿತ್ರೆಯೂ ಮಾನವಚರಿತ್ರೆಯ ಒಂದು ಅಂಗವೇ. ಒಂದು ಕಾಲದ ಜನರು ಎಂತಹ ಆಟಗಳನ್ನು ಆಡಿದರು, ಅವಕ್ಕೆ ಎಂತಹ ನಿಯಮಗಳನ್ನು ಕಟ್ಟಿಕೊಂಡರು ಎಂಬುದನ್ನು ಪರಿಶೀಲಿಸಿದರೆ, ಅವರು ದೈವವನ್ನೂ ಪುರುಷಪ್ರಯತ್ನವನ್ನೂ ಹೇಗೆ ತೂಗಿ ನೋಡಿದರೆಂಬುದು ತಿಳಿದುಬರುತ್ತದೆ. ಪಗಡೆಯಲ್ಲಿ ದಾಳ ಬೀಳುವುದು ದೈವಾಧೀನ, ಕಾಯಿ ನಡೆಸುವುದು ಆಟಗಾರನ ಅಧೀನ. ಚದುರಂಗದಲ್ಲಾದರೋ ದೈವಕ್ಕೆ ಎಡೆಯೇ ಇಲ್ಲ. ಕಂಪ್ಯೂಟರಿನ ಯುಗದಲ್ಲಿ ಹುಟ್ಟಿದ ಆಟಗಳೂ ಇಂತಹ ವಿಚಾರಣೆಗೆ ಅರ್ಹವಾಗಿವೆ. ಅವುಗಳ ಪೈಕಿ, ಸ್ವತಂತ್ರ ನಿರ್ಮಾಪಕರ ಕೃತಿಯಾಗಿ ಹುಟ್ಟಿ ಕಾಠಿಣ್ಯಕ್ಕೆ ಹೆಸರಾದ ‘ಸ್ಪೆಲಂಕಿ’ ಎಂಬ ಆಟಮಾಲೆಯನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಈ ಆಟವನ್ನು ಮೊದಲ ಸಲ ಕೈಗೆತ್ತಿಕೊಂಡವನ ಅನುಭವ ಸಾಮಾನ್ಯವಾಗಿ ಒಂದೇ ತೆರನಾದುದು. ಒಂದೆರಡು ನಿಮಿಷಗಳಲ್ಲಿ ಅವನು ನಡೆಸುವ ಪಾತ್ರ ಸಾಯುತ್ತದೆ. ಕೂಡಿಸಿದ ಹೊನ್ನು, ಸಂಪಾದಿಸಿದ ಸಲಕರಣೆ ಎಲ್ಲವೂ ಹೋಗುತ್ತವೆ. ಆಟ ಮತ್ತೆ ಮೊದಲಿನಿಂದ, ಅದೂ ಹಿಂದೆ ಕಾಣದ ಹೊಸ ಗುಹೆಯಲ್ಲಿ, ಆರಂಭವಾಗುತ್ತದೆ. ಹತ್ತು ಸಲ ಹೀಗಾದ ಮೇಲೆ, ಇದು ನಿರ್ಮಾಪಕನ ಕ್ರೌರ್ಯವೆಂದು ಬಗೆದು ಅವನು ಆಟವನ್ನು ಕೈಬಿಡುತ್ತಾನೆ. ಈ ತೀರ್ಮಾನ ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಇಲ್ಲಿಯ ಮರಣನಿಯಮವೂ ಮಾರ್ಪಡುವ ಗುಹೆಯೂ ಸುಮಾರು ೪೫ ವರ್ಷಗಳ ಹಿಂದೆ ಎದುರಾದ ಒಂದು ನಿಶ್ಚಿತವಾದ ಸಮಸ್ಯೆಗೆ ದೊರೆತ ಪರಿಹಾರಗಳು. ಆ ಸಮಸ್ಯೆ ಯಾವುದೆಂದು ಅರಿತವನು ಆಟವನ್ನು ಬೇರೆ ರೀತಿಯಲ್ಲಿ ಆಡತೊಡಗುತ್ತಾನೆ. ಆದುದರಿಂದ ಮೊದಲು ಚರಿತ್ರೆಯನ್ನೂ ಅನಂತರ ಪ್ರವೇಶದ ಕ್ರಮವನ್ನೂ ನೋಡೋಣ.

೧. ಮೂಲ

೧೯೭೦ರ ದಶಕದ ಕೊನೆಯ ಭಾಗದಲ್ಲಿ ಅಮೆರಿಕದ ವಿಶ್ವವಿದ್ಯಾನಿಲಯಗಳ ಕಂಪ್ಯೂಟರುಗಳಲ್ಲಿ ‘ಅಡ್ವೆಂಚರ್’ ಎಂಬ ಗುಹಾಸಂಚಾರದ ಆಟ ಬಹಳ ಪ್ರಚಾರದಲ್ಲಿತ್ತು. ಇದನ್ನು ರಚಿಸಿದವನು ವಿಲ್ ಕ್ರೌದರ್, ವಿಸ್ತರಿಸಿದವನು ಡಾನ್ ವುಡ್ಸ್. ಆಟ ಸ್ವಾರಸ್ಯವಾದುದೇ ಆದರೂ ಅದರಲ್ಲಿ ಒಂದು ಕೊರತೆಯಿತ್ತು. ಒಗಟುಗಳನ್ನು ಒಮ್ಮೆ ಬಿಡಿಸಿದವನಿಗೆ ಎರಡನೆಯ ಸಲ ಹೊಸದೇನೂ ಉಳಿಯುತ್ತಿರಲಿಲ್ಲ. ಆಟವನ್ನು ರಚಿಸಿದವನಿಗಂತೂ ಮೊದಲನೆಯ ಸಲವೇ ಕುತೂಹಲಕ್ಕೆ ಆಸ್ಪದವಿರಲಿಲ್ಲ.

ಸಾಂಟಾ ಕ್ರೂಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಾಗಿದ್ದ ಮೈಕಲ್ ಟಾಯ್ ಮತ್ತು ಗ್ಲೆನ್ ವಿಕ್‌ಮನ್ ಎಂಬವರು ೧೯೮೦ರ ಸುಮಾರಿನಲ್ಲಿ ಈ ಕೊರತೆಗೆ ಪರಿಹಾರವನ್ನು ಹುಡುಕಿದರು. ನೆಲಮಾಳಿಗೆಯ ನಕ್ಷೆಯನ್ನು ಮನುಷ್ಯನು ಬರೆದಿಡುವುದಕ್ಕೆ ಬದಲಾಗಿ ಪ್ರತಿಯೊಂದು ಆಟದ ಹೊತ್ತಿಗೂ ಯಂತ್ರವೇ ಹೊಸದಾಗಿ ರಚಿಸುವುದಾದರೆ, ನಿರ್ಮಿಸಿದವರೂ ಇತರರಂತೆ ಅಚ್ಚರಿಪಡುತ್ತ ಆಡಬಹುದು. ಹೀಗೆ ಹುಟ್ಟಿದ ಆಟಕ್ಕೆ ‘ರೋಗ್’ ಎಂದು ಹೆಸರಾಯಿತು. (ಈ ಆಂಗ್ಲ ಪದಕ್ಕೆ ಠಕ್ಕ, ಧೂರ್ತ ಎಂದು ಅರ್ಥ, ನಮ್ಮ ರೋಗಕ್ಕೂ ಇದಕ್ಕೂ ಸಂಬಂಧವಿಲ್ಲ.) ಟಾಯ್ ಮುಂದೆ ಬರ್ಕ್ಲಿಗೆ ಹೋದಾಗ ಕೆನ್ ಆರ್ನಲ್ಡ್ ಈ ಕಾರ್ಯದಲ್ಲಿ ಸೇರಿಕೊಂಡನು. ತೆರೆಯ ಮೇಲೆ ಬೇಕಾದ ಸ್ಥಳದಲ್ಲಿ ಬೇಕಾದ ಅಕ್ಷರವನ್ನು ಮೂಡಿಸಲು ನೆರವಾಗುವ ‘ಕರ್ಸಸ್’ ಎಂಬ ಕ್ರಮವಿಧಿಗಳ ಸಂಗ್ರಹ ಅವನದೇ. ಚಿತ್ರಗಳನ್ನು ತೋರಿಸಲಾಗದ ಆ ತೆರೆಗಳಲ್ಲಿ, ಇಂದು ಮಿಂಚಂಚೆಯ ವಿಳಾಸಗಳಲ್ಲಿ ಬಳಸುವ ‘ಅಟ್’ ಚಿಹ್ನೆಯೇ ಆಟದ ನಾಯಕ; ಆಂಗ್ಲ ವರ್ಣಮಾಲೆಯ ೨೬ ದೊಡ್ಡಕ್ಷರಗಳೇ ೨೬ ಬಗೆಯ ಭೂತಪ್ರಾಣಿಗಳು. ೨೬ನೆಯ ಅಂತಸ್ತಿನವರೆಗೆ ಇಳಿದು ಯೆಂಡೋರಿನ ತಾಯಿತವನ್ನು ಪಡೆದು ಮರಳಿ ಮೇಲಕ್ಕೆ ಬರುವುದು ಆಟದ ಗುರಿ.

ಇನ್ನೊಂದು ನಿಯಮ ಇದಕ್ಕಿಂತ ಮುಖ್ಯವಾದುದು. ಆಟವನ್ನು ಅರ್ಧದಲ್ಲಿ ನಿಲ್ಲಿಸಿ ಕಾದಿರಿಸಬಹುದಾಗಿತ್ತು. ಆದರೆ ಅದನ್ನು ಮತ್ತೆ ತೆರೆದ ಕೂಡಲೆ ಕಾದಿರಿಸಿದ ಪ್ರತಿ ಅಳಿಸಿಹೋಗುತ್ತಿತ್ತು. ಸತ್ತವನು ಹಿಂದಿನ ಪ್ರತಿಯ ಮೂಲಕ ಮರಳಿ ಬದುಕುವಂತಿಲ್ಲ. ಆಟಗಾರನ ನಿರ್ಧಾರಗಳಿಗೆ ತೂಕ ಬರಲೆಂದೇ ಹೀಗೆ ಮಾಡಿದೆವೆಂದು ಕರ್ತೃಗಳು ಅನಂತರದ ವರ್ಷಗಳಲ್ಲಿ ವಿವರಿಸಿದ್ದಾರೆ. ಬಣ್ಣ ಮಾತ್ರ ಕಾಣುವ, ಗುಣ ತಿಳಿಯದ ಒಂದು ಔಷಧವನ್ನು ಕುಡಿಯಬೇಕೆ ಬೇಡವೆ ಎಂಬ ಪ್ರಶ್ನೆ ನಿಜವಾದ ಪ್ರಶ್ನೆಯಾಗಬೇಕಾದರೆ, ಕುಡಿದ ಫಲವನ್ನು ಅನುಭವಿಸಲೇಬೇಕು. ಇದಲ್ಲದೆ ಹಸಿವು ಎಂಬುದೂ ಇತ್ತು. ಆಹಾರ ಮಿತವಾದುದರಿಂದ ಒಂದೇ ಅಂತಸ್ತಿನಲ್ಲಿ ಸುರಕ್ಷಿತವಾಗಿ ಕಾಲಹರಣ ಮಾಡುವಂತಿರಲಿಲ್ಲ.

೧೯೮೩ರಲ್ಲಿ ಬರ್ಕ್ಲಿಯಿಂದ ಹೊರಬಂದ ಯುನಿಕ್ಸ್ ವ್ಯವಸ್ಥೆಯ ಆವೃತ್ತಿಯೊಡನೆ ಈ ಆಟವೂ ಸೇರಿತ್ತು. ಆ ವ್ಯವಸ್ಥೆ ಹೋದ ವಿದ್ಯಾಸಂಸ್ಥೆಗಳಿಗೆಲ್ಲ ರೋಗ್ ಸಹ ಹೋಯಿತು.

೨. ಸಂತತಿ

ರೋಗ್ ಆಟವನ್ನು ಕಂಡವರು ಅದರಂತಹ ಆಟಗಳನ್ನು ತಾವೇ ಕಟ್ಟತೊಡಗಿದರು. ಪ್ರೌಢಶಾಲೆಯ ವಿದ್ಯಾರ್ಥಿಯಾಗಿದ್ದ ಜೇ ಫೆನ್ಲಸನ್ ಗೆಳೆಯರೊಡನೆ ‘ಹ್ಯಾಕ್’ ಎಂಬುದನ್ನು ರಚಿಸಿದನು. ಆಂಡ್ರೀಸ್ ಬ್ರೌವರ್ ಅದನ್ನು ಬೆಳೆಸಿ ಹಂಚಿದನು. ೧೯೮೭ರಲ್ಲಿ ಅದರಿಂದಲೇ ‘ನೆಟ್‌ಹ್ಯಾಕ್’ ಮೂಡಿತು. ಒಕ್ಲಹೋಮ ವಿಶ್ವವಿದ್ಯಾನಿಲಯದಲ್ಲಿ ರಾಬರ್ಟ್ ಕೋನೆಕೆ ರಚಿಸಿದ ‘ಮೋರಿಯ’ (೧೯೮೩), ಇಂಗ್ಲೆಂಡಿನ ವಾರಿಕ್ ವಿಶ್ವವಿದ್ಯಾನಿಲಯದಲ್ಲಿ ಅದರಿಂದ ಬೆಳೆದ ‘ಆಂಗ್‌ಬಾಂಡ್’ ಇನ್ನೊಂದು ಶಾಖೆ. ಈ ಶಾಖೆಗಳು ಬಹುಮಟ್ಟಿಗೆ ಕ್ರಮವಿಧಿಯ ಮೂಲಪಾಠವನ್ನು ಕೈಯಿಂದ ಕೈಗೆ ದಾಟಿಸುತ್ತ, ತಿದ್ದುತ್ತ, ಕೂಡಿಸುತ್ತ ಬೆಳೆದುವೆಂಬುದು ಗಮನಾರ್ಹ. ನಮ್ಮ ಓಲೆಗರಿಯ ಗ್ರಂಥಗಳಿಗೆ ಲಿಪಿಕಾರರ ಕೈಯಲ್ಲಿ ಪಾಠಾಂತರಗಳುಂಟಾದಂತೆ ಇಲ್ಲಿಯೂ ಆಟಾಂತರಗಳುಂಟಾದುವು.

ಈ ವರ್ಗದ ಆಟಗಳಿಗೆ ‘ರೋಗ್‌ಲೈಕ್’, ಎಂದರೆ ರೋಗ್ ಸದೃಶ, ಎಂದು ಹೆಸರು ನಿಂತಿತು. ೨೦೦೮ರಲ್ಲಿ ಬರ್ಲಿನ್ ನಗರದಲ್ಲಿ ಸೇರಿದ್ದ ಇಂತಹ ಆಟಗಳ ನಿರ್ಮಾಪಕರ ಸಮ್ಮೇಳನ ಇವುಗಳ ಲಕ್ಷಣಗಳನ್ನು ನಿರೂಪಿಸಿತು: ಯಾದೃಚ್ಛಿಕವಾಗಿ ರಚಿತವಾದ ಪರಿಸರ, ಮರಳಿಬಾರದ ಮರಣ, ಸರದಿಯಂತೆ ನಡೆ, ಚೌಕಗಳ ಹಾಸು, ಮಿತವಾದ ಸಾಧನಗಳ ನಿರ್ವಹಣೆ ಮೊದಲಾದುವು. ಲಕ್ಷಣಗ್ರಂಥ ಸಿದ್ಧವಾದ ವರ್ಷದಲ್ಲಿಯೇ ಲಕ್ಷಣವನ್ನು ಮೀರಿದ ಲಕ್ಷ್ಯವೊಂದು ಹುಟ್ಟಿದುದು ಸ್ವಾರಸ್ಯಕರ. ಅದೇ ಸ್ಪೆಲಂಕಿ.

೩. ಸ್ಪೆಲಂಕಿ

ಡೆರೆಕ್ ಯೂ ಎಂಬ ಅಮೆರಿಕದ ನಿರ್ಮಾಪಕನು ‘ಅಕ್ವೇರಿಯಾ’ (೨೦೦೭) ಎಂಬ ಆಟದ ಇಬ್ಬರು ಕರ್ತೃಗಳಲ್ಲಿ ಒಬ್ಬನಾಗಿ ಆಗಲೇ ಪರಿಚಿತನಾಗಿದ್ದನು. ೨೦೦೮ರ ಡಿಸೆಂಬರಿನಲ್ಲಿ ಅವನು ಸ್ಪೆಲಂಕಿಯನ್ನು ಉಚಿತವಾಗಿ ಪ್ರಕಟಿಸಿದನು. ಗುಹೆಯನ್ನು ಅನ್ವೇಷಿಸುವವನಿಗೆ ಆಂಗ್ಲ ಭಾಷೆಯಲ್ಲಿರುವ ಹೆಸರಿನಿಂದ ಈ ಹೆಸರು ಬಂದಿದೆ. ಇದರಲ್ಲಿ ಸರದಿಯ ನಡೆಯಿಲ್ಲ. ಓಟ, ನೆಗೆತ, ಚಾವಟಿಯ ಏಟು ಎಲ್ಲವೂ ಆ ಕ್ಷಣದಲ್ಲಿಯೇ ನಡೆಯತಕ್ಕದ್ದು. ‘ಮಾರಿಯೊ’ ಆಟಗಳ ಪರಂಪರೆಯ ದೇಹದೊಳಗೆ ರೋಗ್ ಆಟದ ಜೀವವನ್ನು ತುಂಬಿದನೆಂದು ಸಂಗ್ರಹವಾಗಿ ಹೇಳಬಹುದು. ಆಂಡಿ ಹಲ್‌ನ ಸಹಕಾರದಿಂದ ಪುನಾರಚಿತವಾದ ಆವೃತ್ತಿ ೨೦೧೨ರ ಜುಲೈಯಲ್ಲಿ ಎಕ್ಸ್‌ಬಾಕ್ಸ್ ೩೬೦ ಯಂತ್ರಕ್ಕೂ ೨೦೧೩ರಲ್ಲಿ ಕಂಪ್ಯೂಟರುಗಳಿಗೂ ಬಂದಿತು. ‘ಸ್ಪೆಲಂಕಿ ೨’ ಹೊರಬಂದುದು ೨೦೨೦ರ ಸೆಪ್ಟೆಂಬರಿನಲ್ಲಿ. ಅದರಲ್ಲಿ ಮೊದಲ ಅನ್ವೇಷಕನ ಮಗಳಾದ ಆನಾ ಎಂಬಾಕೆ ತಂದೆತಾಯಿಗಳನ್ನು ಅರಸುತ್ತ ಚಂದ್ರಲೋಕದ ಗುಹೆಗಳಿಗೆ ಇಳಿಯುತ್ತಾಳೆ.

ಗುಹೆ ಹೇಗೆ ರಚಿತವಾಗುತ್ತದೆಂಬುದನ್ನು ತಿಳಿಯುವುದು ಅವಶ್ಯಕ. ಮೊದಲ ಆಟದಲ್ಲಿ ಸಾಮಾನ್ಯವಾಗಿ ಒಂದು ಅಂತಸ್ತೆಂದರೆ ಅಡ್ಡಕ್ಕೆ ೪, ಉದ್ದಕ್ಕೆ ೪, ಒಟ್ಟು ೧೬ ಕೋಣೆಗಳು. ಪ್ರವೇಶದ್ವಾರ ಮೇಲಿನ ಸಾಲಿನಲ್ಲಿ, ನಿರ್ಗಮನದ್ವಾರ ಕೆಳಗಿನ ಸಾಲಿನಲ್ಲಿ. ಯಂತ್ರವು ಮೊದಲು ಇವೆರಡರ ನಡುವೆ ಒಂದು ದಾರಿಯನ್ನು ನಿಶ್ಚಯಿಸುತ್ತದೆ. ಅನಂತರ ಕರ್ತೃ ಮೊದಲೇ ಸಿದ್ಧಪಡಿಸಿದ ಅಚ್ಚುಗಳಿಂದ ಕೋಣೆಗಳನ್ನು ಆರಿಸಿ, ಅಲ್ಪಸ್ವಲ್ಪ ಮಾರ್ಪಡಿಸಿ ತುಂಬುತ್ತದೆ. ಆ ದಾರಿಯನ್ನು ಬಾಂಬು, ಹಗ್ಗಗಳ ನೆರವಿಲ್ಲದೆಯೇ ಕ್ರಮಿಸಬಹುದು. ಆಟಗಾರನಿಗೆ ಗುಹೆ ಹೊಸದಾದರೂ ದಾರಿಯಿಲ್ಲದ ಗುಹೆ ಎಂದಿಗೂ ದೊರೆಯುವುದಿಲ್ಲ. ರೋಗ್ ಆಟದ ಅಂತಸ್ತು ಸಹ ಮೂರು ಮೂರರಂತೆ ೯ ಸ್ಥಾನಗಳ ಹಾಸೇ ಆಗಿತ್ತು. ಅಲ್ಲಿಯ ಹಸಿವಿನ ಸ್ಥಾನದಲ್ಲಿ ಇಲ್ಲಿ ಪ್ರೇತವಿದೆ: ೨೦೧೨ರ ಆವೃತ್ತಿಯಲ್ಲಿ ಒಂದೇ ಅಂತಸ್ತಿನಲ್ಲಿ ಎರಡೂವರೆ ನಿಮಿಷ, ‘ಸ್ಪೆಲಂಕಿ ೨’ರಲ್ಲಿ ಸಾಮಾನ್ಯವಾಗಿ ೩ ನಿಮಿಷ ನಿಂತರೆ, ಗೋಡೆಗಳನ್ನು ಹಾದುಬರುವ, ಮುಟ್ಟಿದರೆ ಕೊಲ್ಲುವ ಪ್ರೇತವೊಂದು ಹೊರಡುತ್ತದೆ. ನಲವತ್ತು ವರ್ಷಗಳಲ್ಲಿ ವೇಷ ಬದಲಾಗಿದೆ, ಪ್ರಯೋಜನ ಬದಲಾಗಿಲ್ಲ.

೪. ಪ್ರವೇಶದ ಕ್ರಮ

ಹೊಸಬನು ಮಾಲೆಯ ಯಾವ ಕೃತಿಯಿಂದ ಆರಂಭಿಸಬೇಕು? ೨೦೧೨ರ ಆವೃತ್ತಿಯಿಂದ ಎಂಬುದು ನಮ್ಮ ಸಲಹೆ. ಎರಡನೆಯ ಆಟ ಮೊದಲನೆಯದರ ಪರಿಚಯವನ್ನು ಬಹುಮಟ್ಟಿಗೆ ನಿರೀಕ್ಷಿಸುತ್ತದೆ. ಅದರಲ್ಲಿ ದಾರಿಗಳು ಕವಲೊಡೆಯುತ್ತವೆ, ಪ್ರಾಣಿಗಳೂ ಹೆಚ್ಚು ಚುರುಕಾಗಿವೆ. ಮೊದಲ ಆಟದಲ್ಲಾದರೋ ಗಣಿ, ಕಾಡು, ಹಿಮಗುಹೆ, ದೇಗುಲ ಎಂಬ ೪ ಪ್ರದೇಶಗಳು, ಪ್ರದೇಶಕ್ಕೆ ೪ರಂತೆ ೧೬ ಅಂತಸ್ತುಗಳು. ಗುಪ್ತಸ್ಥಳಗಳನ್ನು ಆರಂಭದಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿಲ್ಲ. ಆಟಗಾರನ ಬಂಡವಾಳ ೪ ಪ್ರಾಣಾಂಶ, ೪ ಬಾಂಬು, ೪ ಹಗ್ಗ.

ಮೊದಲ ದಿನಗಳಲ್ಲಿ ಗಣಿಯನ್ನು ದಾಟುವುದೊಂದೇ ಗುರಿಯಾಗಿರಲಿ. ಇಳಿಯುವ ಮೊದಲು ನಿಂತು ಕೆಳಗೆ ನೋಡುವ ಅಭ್ಯಾಸ ಎಲ್ಲಕ್ಕಿಂತ ಮೇಲು. ಕೆಳಮುಖದ ಗುಂಡಿಯನ್ನು ಒತ್ತಿಹಿಡಿದರೆ ದೃಶ್ಯ ಕೆಳಕ್ಕೆ ಸರಿಯುತ್ತದೆ. ಮುಳ್ಳುಗೂಟಗಳ ಮೇಲೆ ಬಿದ್ದರೆ ತತ್‌ಕ್ಷಣ ಮರಣ. ಅವುಗಳ ನಡುವೆ ಪಕ್ಕದಿಂದ ನಡೆದುಹೋದರೆ ಅಪಾಯವಿಲ್ಲ. ಗೋಡೆಯಲ್ಲಿರುವ ಬಾಣಯಂತ್ರ ತನ್ನ ಮುಂದೆ ಚಲಿಸುವ ಯಾವುದರ ಮೇಲಾದರೂ ಒಂದೇ ಒಂದು ಬಾಣವನ್ನು ಬಿಡುತ್ತದೆ, ತಗುಲಿದರೆ ೨ ಪ್ರಾಣಾಂಶ ನಷ್ಟ. ಕಲ್ಲನ್ನಾಗಲಿ ಗಡಿಗೆಯನ್ನಾಗಲಿ ಅದರ ಮುಂದೆ ಎಸೆದರೆ ಆ ಬಾಣ ವ್ಯರ್ಥವಾಗುತ್ತದೆ. ಯಂತ್ರಕ್ಕೆ ಆಟಗಾರನ ಮೇಲೆ ವಿಶೇಷ ದ್ವೇಷವಿಲ್ಲ. ಬಾವಲಿ ಹಾದರೂ ಅದು ಬಾಣ ಬಿಡುತ್ತದೆ. ನಿಯಮಗಳು ಎಲ್ಲರಿಗೂ ಸಮಾನವೆಂಬ ಈ ಅರಿವೇ ಆಟದ ಕೀಲಿಕೈ.

ಅಂಗಡಿಯವನ ವಿಷಯದಲ್ಲಿ ಎಚ್ಚರಿಕೆ ಅಗತ್ಯ. ಕದ್ದರೆ ಅಥವಾ ಹೊಡೆದರೆ ಅವನು ಕೋವಿ ಹಿಡಿದು ಬೆನ್ನಟ್ಟುತ್ತಾನೆ. ತಪ್ಪಿಸಿಕೊಂಡರೂ ಮುಂದಿನ ಅಂತಸ್ತುಗಳ ಬಾಗಿಲಲ್ಲಿ ಅವನ ವೃತ್ತಿಬಾಂಧವರು ಕಾದಿರುತ್ತಾರೆ. ಹೊಸಬನು ಹಣ ಕೊಟ್ಟು ಕೊಳ್ಳುವುದೇ ಲೇಸು. ಹೊನ್ನಿನ ವಿಗ್ರಹವನ್ನು ಎತ್ತಿದರೆ ಗಣಿಯಲ್ಲಿ ದೊಡ್ಡ ಬಂಡೆ ಉರುಳಿಬರುತ್ತದೆ. ಓಡುವ ದಾರಿಯನ್ನು ಮೊದಲೇ ನೋಡಿಕೊಳ್ಳದೆ ಅದನ್ನು ಮುಟ್ಟಬಾರದು. ಸೆರೆಯಲ್ಲಿರುವವರನ್ನು ಹೊತ್ತು ಬಾಗಿಲಿಗೆ ಮುಟ್ಟಿಸಿದರೆ ಒಂದು ಪ್ರಾಣಾಂಶ ಲಭಿಸುತ್ತದೆ. ಬಾಂಬು, ಹಗ್ಗಗಳನ್ನು ಜಿಪುಣತನದಿಂದ ಉಳಿಸಿಕೊಳ್ಳುವುದೂ ತರವಲ್ಲ. ಹಗ್ಗಗಳನ್ನು ಇಟ್ಟುಕೊಂಡೇ ಎತ್ತರದಿಂದ ಬಿದ್ದು ಸಾಯುವುದು ಹೊಸಬರಲ್ಲಿ ಸಾಮಾನ್ಯವಾದ ದೋಷ.

ಒಂದು ಪ್ರದೇಶವನ್ನು ದಾಟಿದ ಮೇಲೆ ಸುರಂಗ ತೋಡುವವನೊಬ್ಬನು ಎದುರಾಗಿ, ಕೇಳಿದ ವಸ್ತುಗಳನ್ನು ಕೊಟ್ಟರೆ ಒಳದಾರಿಯನ್ನು ತೆರೆಯುತ್ತಾನೆ. ದೂರದ ಪ್ರದೇಶಗಳನ್ನು ಅಭ್ಯಾಸ ಮಾಡಲು ಇದು ಉಪಯುಕ್ತ. ಆದರೆ ಒಳದಾರಿಯಿಂದ ಹೊರಟವನು ಆರಂಭದ ಬಂಡವಾಳದೊಡನೆಯೇ ಕಠಿಣವಾದ ಸ್ಥಳಕ್ಕೆ ಬಂದಿರುತ್ತಾನೆಂಬುದನ್ನು ಮರೆಯಬಾರದು.

ಎಲ್ಲಕ್ಕಿಂತ ಮುಖ್ಯವಾದುದು ದಾಖಲೆ. ಕಂಡ ಪ್ರಾಣಿ, ಸ್ಥಳ, ಯಂತ್ರ, ವಸ್ತುಗಳನ್ನು ಬರೆದಿಡುವ ದಿನಚರಿಯೊಂದು ಆಟದಲ್ಲಿಯೇ ಇದೆ. ಆಟಗಾರ ಸತ್ತರೂ ಅದು ಅಳಿಯುವುದಿಲ್ಲ. ಅದರ ಜೊತೆಗೆ ಪ್ರತಿಯೊಂದು ಮರಣದ ಕಾರಣವನ್ನೂ ಒಂದು ಸಾಲಿನಲ್ಲಿ ಬರೆದುಕೊಳ್ಳುವಂತೆ ವಿದ್ಯಾರ್ಥಿಗಳಿಗೆ ಸೂಚಿಸುತ್ತೇವೆ. ಕೊಂದ ಬಾವಲಿ ಸಮೀಪದ ಕಾರಣ ಮಾತ್ರ. ಎರಡು ಪ್ರಾಣಾಂಶಗಳನ್ನು ಹಿಂದಿನ ಅಂತಸ್ತಿನಲ್ಲಿ ದುರಾಸೆಯಿಂದ ಕಳೆದುಕೊಂಡುದು ಮೂಲಕಾರಣವಾಗಿರಬಹುದು. ಸಾಮ್ರಾಜ್ಯಗಳ ಪತನವನ್ನು ವಿಚಾರಿಸುವಾಗ ನಾವು ಅನುಸರಿಸುವ ವಿಧಾನ ಇಲ್ಲಿಯೂ ಸಲ್ಲುತ್ತದೆ.

೫. ಒಂದು ಆಕ್ಷೇಪ

ಗುಹೆ ಯಾದೃಚ್ಛಿಕವಾದರೆ ಗೆಲುವೂ ಯಾದೃಚ್ಛಿಕವಲ್ಲವೆ ಎಂಬ ಆಕ್ಷೇಪ ಸಹಜವಾದುದು. ಇದಕ್ಕೆ ಆಟದಲ್ಲಿಯೇ ಉತ್ತರವಿದೆ. ೨೦೧೩ರ ಕಂಪ್ಯೂಟರ್ ಆವೃತ್ತಿಯಲ್ಲಿ ‘ದಿನದ ಪಂಥ’ ಎಂಬುದು ಸೇರಿತು. ಆ ದಿನ ಅದನ್ನಾಡುವ ಎಲ್ಲರಿಗೂ ಒಂದೇ ಗುಹೆ, ಒಬ್ಬೊಬ್ಬರಿಗೆ ಒಂದೇ ಅವಕಾಶ. ದೈವ ಎಲ್ಲರಿಗೂ ಸಮಾನವಾದ ಮೇಲೂ ಕೆಲವರು ಮೊದಲ ಅಂತಸ್ತಿನಲ್ಲಿಯೇ ಮಡಿಯುತ್ತಾರೆ, ಕೆಲವರು ಕೊನೆಯನ್ನು ಮುಟ್ಟುತ್ತಾರೆ. ಈ ಅಂತರಕ್ಕೆ ಗುಹೆಯ ಅದೃಷ್ಟವನ್ನು ಕಾರಣವಾಗಿ ಹೇಳಲು ಬರುವುದಿಲ್ಲ. ಗುಹೆಯನ್ನು ಓದುವ ಶಕ್ತಿಯಲ್ಲಿಯೇ ಅದನ್ನು ಹುಡುಕಬೇಕು. ಬಿಡುವಿನ ವೇಳೆ ಅತ್ಯಲ್ಪವಾದವರಿಗೆ, ಒಂದು ಸಂಜೆಯ ಶ್ರಮವೆಲ್ಲ ಒಂದು ತಪ್ಪು ಹೆಜ್ಜೆಯಿಂದ ಕಳೆದುಹೋಗುವ ಈ ಆಟ ರುಚಿಸದಿದ್ದರೆ ಅದು ಅವರ ದೋಷವೂ ಅಲ್ಲ. ಆದರೆ ಹಾಗೆ ಬಿಡುವವರು ಶ್ರಮವೆಲ್ಲ ಶೂನ್ಯವಾಯಿತೆಂದು ಮಾತ್ರ ಹೇಳಲಾಗದು.

ಒಟ್ಟಿನಲ್ಲಿ, ರೋಗ್ ಆಟದ ಕರ್ತೃಗಳು ಬಯಸಿದುದು ಕಂಠಪಾಠದಿಂದ ಗೆಲ್ಲಲಾಗದ ಆಟವನ್ನು. ನಕ್ಷೆಯನ್ನು ಬಾಯಿಪಾಠ ಮಾಡಿದವನಿಗೆ ಅಲ್ಲಿ ಪ್ರಯೋಜನವಿಲ್ಲ. ನಿಯಮವನ್ನು ಅರ್ಥಮಾಡಿಕೊಂಡವನಿಗೆ ಯಾವ ನಕ್ಷೆಯಾದರೂ ಸರಿಯೆ. ಸ್ಪೆಲಂಕಿ ಆ ಆಶಯವನ್ನೇ ಮುಂದುವರಿಸಿದೆ. ಪಾತ್ರದ ಹೊನ್ನು, ಸಲಕರಣೆಗಳು ಮರಣದೊಡನೆ ಹೋಗುತ್ತವೆ. ಆಟಗಾರನ ಅರಿವು ಉಳಿಯುತ್ತದೆ. ಬಾಯಿಪಾಠವೇ ವಿದ್ಯೆಯೆಂಬ ಭ್ರಮೆಯೊಡನೆ ದಿನವೂ ಹೆಣಗುವ ಅಧ್ಯಾಪಕರಿಗೂ, ಒಂದು ಸೋಲನ್ನೇ ಕಡೆಯ ತೀರ್ಪೆಂದು ಭಾವಿಸುವ ವಿದ್ಯಾರ್ಥಿಗಳಿಗೂ ಈ ಆಟಗಳ ಚರಿತ್ರೆ ವಿಚಾರಯೋಗ್ಯವೆಂದು ನಾವು ನಂಬಿದ್ದೇವೆ.