ಸೊಂಟದಲ್ಲಿ ಉಳಿದ ಬೆಳ್ಳಿ ಪಟ್ಟಿ

ತರಗತಿಯಲ್ಲಿ ಮೆಸೊಪೊಟೇಮಿಯಾದ ಪಾಠ ಬಂದಾಗಲೆಲ್ಲ ಉರ್ ನಗರದ ಜಿಗ್ಗುರಾತನ್ನು ನಾನು ಬೇಗ ಮುಗಿಸುತ್ತೇನೆ. ಕ್ರಿ.ಪೂ. 2100ರ ಸುಮಾರಿಗೆ ಉರ್-ನಮ್ಮು ದೊರೆ ಚಂದ್ರದೇವನಿಗಾಗಿ ಕಟ್ಟಿಸಿದ ಆ ಇಟ್ಟಿಗೆಯ ಗೋಪುರ ಪಠ್ಯಪುಸ್ತಕದಲ್ಲಿ ಹೇಗೂ ಇದೆ. ನನಗೆ ಹೇಳಬೇಕೆನಿಸುವುದು ಅದಕ್ಕೂ ನಾನೂರು ಐನೂರು ವರ್ಷ ಹಿಂದಿನ ಗೋರಿಗಳ ಸಂಗತಿ.

ದಕ್ಷಿಣ ಇರಾಕಿನಲ್ಲಿ ಉರ್ ಹುದುಗಿದ್ದ ದಿಬ್ಬವನ್ನು ಪುರಾತತ್ವಜ್ಞ ಲಿಯೊನಾರ್ಡ್ ವೂಲಿ 1922ರಿಂದ 1934ರವರೆಗೆ ಅಗೆಸಿದರು. ಮೊದಲ ವರ್ಷವೇ ಚಿನ್ನದ ಮಣಿಗಳು ಕಂಡವು. ಆದರೂ ಕೆಲಸದವರ ಕೈ ಪಳಗಲಿ ಎಂದು ಆ ಜಾಗವನ್ನು ಬಿಟ್ಟು 1926ರವರೆಗೆ ಕಾದರು. ಆ ತಾಳ್ಮೆಗೆ ನಾನು ಕೈಮುಗಿಯುತ್ತೇನೆ. ಮರ ಕೊಳೆತು ಮಣ್ಣಿನಲ್ಲಿ ಉಳಿದಿದ್ದ ಟೊಳ್ಳಿಗೆ ಪ್ಲಾಸ್ಟರ್ ಸುರಿದು, ನಾಲ್ಕೂವರೆ ಸಾವಿರ ವರ್ಷ ಹಿಂದಿನ ತಂತಿವಾದ್ಯದ ಆಕಾರವನ್ನೇ ಮೇಲೆತ್ತಿದವರು ಅವರು.

ರಾಜಮನೆತನದ ಗೋರಿಗಳ ನಡುವೆ ಒಂದು ದೊಡ್ಡ ಗುಂಡಿ. ಅದರಲ್ಲಿ, ಸತ್ತ ಅರಸುಮನೆಯವರ ಜೊತೆಗೆಂದು ಹೂಳಲಾದ 74 ಜನ. 68 ಮಂದಿ ಹೆಂಗಸರು, ಸಾಲುಸಾಲಾಗಿ. ಮೈಮೇಲೆ ಚಿನ್ನ, ಅಫ್ಘಾನಿಸ್ತಾನದ ನೀಲಿ ಲ್ಯಾಪಿಸ್ ಕಲ್ಲು, ಕೆಂಪು ಕಾರ್ನೀಲಿಯನ್ ಮಣಿ. ಹಲವರ ತಲೆಗೆ ಚಿನ್ನದ ಪಟ್ಟಿ, ಇನ್ನು ಕೆಲವರಿಗೆ ಬೆಳ್ಳಿಯದು. ಬೆಳ್ಳಿ ಪುಡಿಯಾಗಿ ಬುರುಡೆಯ ಮೇಲೆ ಬರೀ ಕಲೆ ಉಳಿದಿತ್ತು. ಒಬ್ಬಳ ಪಟ್ಟಿ ಮಾತ್ರ ಉಳಿದು ಬಂತು, ಅದೂ ತಲೆಯಲ್ಲಲ್ಲ, ಸೊಂಟದ ಹತ್ತಿರ, ಬಿಗಿಯಾಗಿ ಸುತ್ತಿದ ಸುರುಳಿಯಾಗಿ. ತಡವಾಗಿ ಬಂದವಳು, ಕಟ್ಟಿಕೊಳ್ಳಲು ಹೊತ್ತು ಸಿಕ್ಕಿರಲಿಕ್ಕಿಲ್ಲ ಎಂದು ವೂಲಿ ಊಹಿಸಿದರು.

ಇವರೆಲ್ಲ ತಾವಾಗಿಯೇ ಇಳಿದು ಬಂದು, ಬಟ್ಟಲಿನ ವಿಷ ಕುಡಿದು ಶಾಂತವಾಗಿ ಒರಗಿದರು ಎಂದೂ ಅವರು ಬರೆದರು. ಇದನ್ನು ನಾನು ಒಪ್ಪಲಾರೆ. ಅಮೆರಿಕದ ಪೆನ್ ಮ್ಯೂಸಿಯಮ್ಮಿನಲ್ಲಿರುವ ಎರಡು ಬುರುಡೆಗಳನ್ನು, ಒಂದು ಇದೇ ಗುಂಡಿಯ ಹೆಂಗಸಿನದು, ಇನ್ನೊಂದು ಬೇರೆ ಗೋರಿಯ ಸೈನಿಕನದು, ಸಿ.ಟಿ. ಸ್ಕ್ಯಾನ್ ಮಾಡಿ ನೋಡಿದವರಿಗೆ ತಲೆಗೆ ಬಿದ್ದ ಪೆಟ್ಟು ಕಂಡಿತು. ಬೆಂಕಿಯ ಶಾಖ ತಾಗಿಸಿದ, ಪಾದರಸ ಬಳಸಿದ ಗುರುತೂ ಸಿಕ್ಕಿತು. 2011ರಲ್ಲಿ ಅದು ಪ್ರಕಟವಾಯಿತು. ಅಂದರೆ ಕೊಂದು, ಹೆಣ ಕೆಡದಂತೆ ನೋಡಿಕೊಂಡು, ಆಮೇಲೆ ಸಾಲಾಗಿ ಮಲಗಿಸಿದ್ದಾರೆ.

ಎರಡು ಬುರುಡೆಗಳು 74 ಜನರ ಪರವಾಗಿ ಸಾಕ್ಷಿ ಹೇಳಲಾರವು, ನಿಜ. ಆದರೂ ವಿಷದ ಬಟ್ಟಲಿನ ಕಥೆ ಕೊಲ್ಲಿಸಿದವರಿಗೆ ತೀರ ಅನುಕೂಲವಾದ ಕಥೆ. ಆ ಸುರುಳಿ ನನಗೆ ಹೇಳುವುದೇ ಬೇರೆ. ಸಾಯಲು ಮನಸ್ಸು ಗಟ್ಟಿಮಾಡಿಕೊಂಡು ಬಂದವಳು ಸಿಂಗಾರ ಮುಗಿಸಿಯೇ ಬರುತ್ತಿದ್ದಳು. ಇವಳು ಪಟ್ಟಿಯನ್ನು ಆಮೇಲೆ ಕಟ್ಟಿಕೊಂಡರಾಯಿತು ಎಂದುಕೊಂಡಿದ್ದಳು.