ಕಂಠಾಭರಣವಾದ ಸಂಖ್ಯೆ

ಕಲಬುರಗಿಯಿಂದ ಹುಮನಾಬಾದಿನ ದಾರಿ ಹಿಡಿದು ಕಮಲಾಪುರವನ್ನು ಸೇರಿ, ಆ ಊರಿನ ಹೆಸರನ್ನೇ ಹೊತ್ತ ಕೆಂಬಾಳೆಯ ರಾಶಿಯೆದುರು ನಿಂತಾಗಲೆಲ್ಲ ನನಗೆ ಒಂಬತ್ತನೆಯ ಶತಮಾನದ ಲೆಕ್ಕವೊಂದು ನೆನಪಾಗುತ್ತದೆ: ಒಂದಕ್ಕೊಂದು ಸಮನಾದ 63 ಬಾಳೆಹಣ್ಣಿನ ರಾಶಿಗಳಿಗೆ ಬಿಡಿಯಾದ 7 ಹಣ್ಣು ಸೇರಿಸಿ 23 ಮಂದಿ ಪಥಿಕರು ಶೇಷವುಳಿಯದಂತೆ ಹಂಚಿಕೊಂಡರೆ, ರಾಶಿಯೊಂದರಲ್ಲಿ ಇದ್ದ ಹಣ್ಣೆಷ್ಟು? ಕನಿಷ್ಠ ಐದೆಂಬುದು ಉತ್ತರ. ಆಗ ಒಟ್ಟು 322, ತಲೆಗೆ 14.

ಈ ಲೆಕ್ಕವನ್ನು ಕಟ್ಟಿದವನು ಮಹಾವೀರಾಚಾರ್ಯ. ಕ್ರಿ.ಶ. 850ರ ಸುಮಾರಿಗೆ ರಚಿತವಾದ ತನ್ನ 'ಗಣಿತಸಾರಸಂಗ್ರಹ'ದ ಆರಂಭದಲ್ಲಿ ಅವನು ಕೊಂಡಾಡುವ ಅಮೋಘವರ್ಷ ನೃಪತುಂಗನ ರಾಜಧಾನಿಯಾಗಿದ್ದ ಮಾನ್ಯಖೇಟವೇ ಕಲಬುರಗಿಯಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ, ಕಾಗಿಣಾ ನದಿಯ ದಂಡೆಯಲ್ಲಿ ಇಂದು ಮಳಖೇಡವೆಂಬ ಹೆಸರಿನಿಂದ ಉಳಿದಿರುವ ಊರು. ಬಡ್ಡಿ, ಬಂಗಾರದ ಬಣ್ಣ, ಹೊಲದ ಅಳತೆ, ನೆರಳಿನ ಲೆಕ್ಕ ಮೊದಲಾಗಿ ಲೋಕವ್ಯವಹಾರಕ್ಕೆ ಬೇಕಾದುದೆಲ್ಲವೂ ಆ ಗ್ರಂಥದಲ್ಲಿದೆ. ಆದರೆ ಗುಣಾಕಾರದ ಪ್ರಕರಣದಲ್ಲಿ ಆಚಾರ್ಯನು 27994681 ಎಂಬ ರಾಶಿಯನ್ನು 441ರಿಂದ ಗುಣಿಸಲು ಹೇಳುತ್ತಾನೆ. ಬರುವ ಲಬ್ಧ 12345654321.

ಒಂದರಿಂದ ಆರರವರೆಗೆ ಮೆಟ್ಟಿಲೇರಿ, ಅದೇ ಕ್ರಮದಲ್ಲಿ ಇಳಿದು ಬರುವ ಈ ಸಂಖ್ಯೆಯ ಗುಟ್ಟು ಆರು ಒಂದುಗಳಲ್ಲಿದೆ. 111111 ಎಂಬುದನ್ನು ಆರು ಸಾಲುಗಳಲ್ಲಿ, ಸಾಲಿಗೊಂದು ಮನೆಯಂತೆ ಎಡಕ್ಕೆ ಸರಿಸುತ್ತ ಬರೆದು ಕೂಡಿಸಿದರೆ, ಅಂಚುಗಳಲ್ಲಿ ಒಂದೊಂದೇ ಒಂದು ಬಿದ್ದು ನಟ್ಟನಡುವೆ ಆರು ಒಂದುಗಳು ಒಟ್ಟಾಗುವುದು ಕಣ್ಣಿಗೇ ಕಾಣುತ್ತದೆ. ಅರ್ಥಾತ್ ಇದು 111111ರ ವರ್ಗ. ಆಚಾರ್ಯನು ಕೊಟ್ಟ ಎರಡು ರಾಶಿಗಳೂ ವರ್ಗಗಳೇ: 441 ಎಂಬುದು 21ರ ವರ್ಗ, 27994681 ಎಂಬುದು 5291ರ ವರ್ಗ, ಮತ್ತು 21ನ್ನು 5291ರಿಂದ ಗುಣಿಸಿದರೆ ಆರು ಒಂದುಗಳೇ ದೊರೆಯುತ್ತವೆ. ಒಂಬತ್ತು ಒಂದುಗಳವರೆಗೆ ಈ ಶಿಖರ ಕೆಡದೆ ನಿಲ್ಲುವುದು. ಹತ್ತನೆಯದನ್ನು ಸೇರಿಸಿದೊಡನೆ ದಶಕ ಎಡಕ್ಕೆ ಸಾಗಿ ಸಾಲು ಮುರಿಯುವುದು.

ಅಂಕಗಳನ್ನು ಏಕಸ್ಥಾನದಿಂದ ಎಡಕ್ಕೆ ನಡೆಸುತ್ತ ಹೇಳುವುದು ನಮ್ಮ ಪ್ರಾಚೀನ ಗಣಿತಜ್ಞರ ಸಂಪ್ರದಾಯವಾದುದರಿಂದ, ದಿಕ್ಕು ತಪ್ಪಿದ ವಿದ್ಯಾರ್ಥಿಯ ಲೆಕ್ಕವೆಲ್ಲ ತಲೆಕೆಳಗಾಗುತ್ತಿದ್ದುದು ಸಹಜ. ಈ ಸಂಖ್ಯೆಯನ್ನಾದರೋ ಎತ್ತಲಿಂದ ಓದಿದರೂ ಭಯವಿಲ್ಲ. 139ನ್ನು 109ರಿಂದ ಗುಣಿಸಿದ 15151, 142857143ನ್ನು 7ರಿಂದ ಗುಣಿಸಿದ 1000000001 ಇವೂ ಅದೇ ಜಾತಿಯವು. ಇಂಥ ಲಬ್ಧಗಳಿಗೆ ಆಚಾರ್ಯನು ಕೊರಳ ಹಾರದ ಹೆಸರಿಟ್ಟನು.

972ರಲ್ಲಿ ಪರಮಾರ ಸೀಯಕನ ದಂಡು ಮಾನ್ಯಖೇಟವನ್ನು ಸೂರೆಗೊಂಡಿತು. ಗ್ರಂಥ ಮಾತ್ರ ಓಲೆಗಳಲ್ಲಿ ಉಳಿದು, ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನಿಂದ ತೆಲುಗಿಗೆ ಇಳಿದು, 1912ರಲ್ಲಿ ಎಂ. ರಂಗಾಚಾರ್ಯರ ಸಂಪಾದನೆಯಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಬಾಳೆಯ ಲೆಕ್ಕ ಸಂತೆಗೆ ಬಂದೀತು. 1234 ಕೋಟಿ 56 ಲಕ್ಷ 54 ಸಾವಿರದ 321 ಹಣ್ಣನ್ನು ಯಾವ ಸಂತೆಯೂ ಎಣಿಸದು. ವ್ಯವಹಾರಕ್ಕೆಂದು ಬರೆದ ಪುಸ್ತಕದಲ್ಲಿ, ಯಾವ ವ್ಯವಹಾರಕ್ಕೂ ಬಾರದ ಸಂಖ್ಯೆಯನ್ನು ಕೇವಲ ಅದರ ಚೆಲುವಿಗಾಗಿ ಪೋಣಿಸಿಟ್ಟ ಆ ಜೈನ ಪಂಡಿತನಿಗೆ, ಲೆಕ್ಕವೂ ಅಲಂಕಾರವೂ ಬೇರೆಬೇರೆಯಾಗಿರಲಿಲ್ಲ.